ಐವತ್ತಕ್ಕೆ ಗೆದ್ದ ಗಂಟಲು!

ಷರೀಫಜ್ಜನ ಸೀಮೆಯಲ್ಲಿ ಸಿ. ಅಶ್ವಥ್ ಹಚ್ಚಿಹೋದ ಜಗಳ

ನಮ್ಮ ಗಾಂಧಿನಗರದಲ್ಲಿ ಒಂದು ಲೆಕ್ಕ ಉಂಟು. ನಾಯಕನಟನಿಗೆ ಐವತ್ತಾದರೂ ಕಾಲೇಜು ಹುಡುಗನ ಪಾತ್ರ ಸಿಗುತ್ತದೆ. ಕೈಗೆ ಎರಡು ಪುಸ್ತಕ ಕೊಟ್ಟು, ತಲೆಗೊಂದು ವಿಗ್ ಇಟ್ಟರೆ ಆಯ್ತು! ಆದರೆ ಹಾಡೋನಿಗೆ ಐವತ್ತಾಯಿತೋ, ಅವನ ಕಥೆ ಮುಗೀತು. ಒಂದು ಶಾಲು, ಒಂದು ಗಂಧದ ಹಾರ, ಒಂದು ಬುಟ್ಟಿ ಹಣ್ಣು, ಜೊತೆಗೆ 'ಹಿರಿಯ ಗಾಯಕರು' ಅನ್ನೋ ಬಿರುದು... ಮರ್ಯಾದೆಯಾಗಿ ಮನೆಗೆ ಕಳಿಸೋ ದಾರಿ ಅದು.

ಅಂಥ ಕಡೆ ಒಬ್ಬ ಮನುಷ್ಯ ಐವತ್ತರ ಹೊಸ್ತಿಲಲ್ಲಿ ನಿಂತು, ಯಾವ ಹೀರೋ ತುಟಿಗೂ ಸಲೀಸಾಗಿ ಕೂರದ ಒರಟು ಗಂಟಲನ್ನು ಹಿಡಿದುಕೊಂಡು, ಇಡೀ ಕರ್ನಾಟಕವನ್ನು ಹಾಡಿಸಿಬಿಟ್ಟ. ಹಾಡಿದ್ದೇನು? ಡ್ಯುಯೆಟ್ ಅಲ್ಲ, ಕ್ಯಾಬರೆ ಅಲ್ಲ. ಸತ್ತು ನೂರು ವರ್ಷವಾಗಿದ್ದ ಒಬ್ಬ ಹಳ್ಳಿ ಸಾಹೇಬನ ತತ್ವಪದ!

ಹೌದು ಗೆಳೆಯರೇ, ನಾನು ಹೇಳ್ತಿರೋದು ಸಿ. ಅಶ್ವಥ್ ಕಥೆ. 'ಸಂತ ಶಿಶುನಾಳ ಷರೀಫ' ಚಿತ್ರದ ಅಶ್ವಥ್.

ಈ ಲೇಖನಕ್ಕೆ ನಾನು ಬೆಂಗಳೂರಿನ ಸ್ಟುಡಿಯೋಗಳನ್ನು ಸುತ್ತಲಿಲ್ಲ. ಬೆಳ್ಳಟ್ಟಿಗೆ ಬಂದೆ. ಶಿರಹಟ್ಟಿ ತಾಲ್ಲೂಕಿನ ಊರು. ಇಲ್ಲಿ ಸ್ಟುಡಿಯೋ ಇಲ್ಲ, ಸ್ಟಾರ್ ಇಲ್ಲ. ಆದರೆ ಅಶ್ವಥ್ ಹಾಡಿನ ಬಗ್ಗೆ ಒಂದು ಜಗಳ ಇದೆ. ಮೂವತ್ತೈದು ವರ್ಷ ಆಯ್ತು, ಇನ್ನೂ ಮುಗಿದಿಲ್ಲ. ಆ ಜಗಳಕ್ಕೆ ಆಮೇಲೆ ಬರ್ತೀನಿ. ಮೊದಲು ಮನುಷ್ಯನ ಕಥೆ ಆಗಲಿ.

ಫೋನ್ ಕಾರ್ಖಾನೆಯ ಗಾಯಕ

ಹುಟ್ಟಿದ್ದು 1939ರ ಡಿಸೆಂಬರ್ 29, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಹೊಟ್ಟೆಪಾಡಿಗೆ ಬೆಂಗಳೂರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯ ನೌಕರಿ. ಊರಿಗೆಲ್ಲ ಟೆಲಿಫೋನ್ ಮಾಡಿಕೊಡುತ್ತಿದ್ದ ಸರ್ಕಾರಿ ಕಾರ್ಖಾನೆ ಅದು. ಹಗಲು ಅಲ್ಲಿ ಕೆಲಸ, ಸಂಜೆಯಾದರೆ ನಾಟಕದವರ ಸಹವಾಸ. ಒಂದೆರಡು ವರ್ಷವಲ್ಲ, ಎರಡು ದಶಕಕ್ಕೂ ಮಿಕ್ಕಿ ಹೀಗೇ ನಡೀತು. ಸಿನಿಮಾಕ್ಕೆ ಬಂದ ಮೇಲೂ ಆತ ಸಂಬಳದ ಕೆಲಸ ಬಿಡಲಿಲ್ಲ. ಇದನ್ನು ನಮ್ಮ ಹುಡುಗರು ಗಮನಿಸಬೇಕು. ಒಂದು ಆರ್ಕೆಸ್ಟ್ರಾದಲ್ಲಿ ಮೈಕು ಹಿಡಿದ ಮರುದಿನವೇ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬೆಂಗಳೂರು ಬಸ್ ಹತ್ತಿದ ಎಷ್ಟು ಜನರನ್ನು ನಾನೇ ಕಂಡಿದ್ದೇನೆ!

ನಾಟಕವೇ ಅಶ್ವಥ್‌ಗೆ ಸಿನಿಮಾ ಬಾಗಿಲು ತೆರೆಸಿದ್ದು. ಮಾಸ್ತಿಯವರ 'ಕಾಕನಕೋಟೆ' ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಚಿತ್ರ ಮಾಡಿದಾಗ ಸಂಗೀತ ಇವರದು. ಆಗಲೇ ವಯಸ್ಸು ಮೂವತ್ತೇಳು. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ 'ಅಶ್ವಥ್-ವೈದಿ' ಆದರು. (ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಟ್ಯೂನ್ ಕೇಳಿದ್ದೀರಲ್ಲ? ಅದೇ ವೈದ್ಯನಾಥನ್!) ಈ ಜೋಡಿಯ 'ನಾರದ ವಿಜಯ' ಬಂತು, 'ಅನುಪಮ' ಬಂತು. 1981ರ 'ಆಲೆಮನೆ' ಬಂದಾಗಲಂತೂ ದೊಡ್ಡರಂಗೇಗೌಡರ ಮಂದಾರ ಹೂವಿನ ಹಾಡು ಬಾಲಸುಬ್ರಹ್ಮಣ್ಯಂ ಕಂಠದಲ್ಲಿ ಹೋಟೆಲು ಹೋಟೆಲಿನ ರೇಡಿಯೋದಲ್ಲೂ ಅರಳಿತು.

ಅಷ್ಟಾದರೂ ಅಶ್ವಥ್ ಅನ್ನೋ ಹೆಸರು ಗೊತ್ತಾಯಿತೇ ಹೊರತು ಅಶ್ವಥ್ ಅನ್ನೋ ಗಂಟಲು ಜನಕ್ಕೆ ಪರಿಚಯವಾಗಲಿಲ್ಲ. ಕಾರಣ ಸರಳ. ಅದು ಅಣ್ಣಾವ್ರು ತಮ್ಮ ಹಾಡು ತಾವೇ ಹಾಡುತ್ತಿದ್ದ ಕಾಲ. ಉಳಿದ ಹೀರೋಗಳಿಗೆಲ್ಲ ಎಸ್.ಪಿ.ಬಿ. ಇದ್ದರು. ಬೆಣ್ಣೆಯಂಥ ಕಂಠಗಳ ಕಾಲದಲ್ಲಿ ಈ ಕಲ್ಲುಸಕ್ಕರೆಯನ್ನು ಯಾರ ಬಾಯಿಗೆ ಹಾಕೋದು? ನಾಟಕದವರ ದನಿ ಕೊನೇ ಬೆಂಚಿನವನಿಗೆ ಮುಟ್ಟಬೇಕು. ಸಿನಿಮಾ ಮೈಕಿಗೆ ಪಿಸುಮಾತೂ ಸಾಕು. ಅಶ್ವಥ್‌ದು ಪಿಸುಗುಡೋ ಗಂಟಲಲ್ಲ. ಎಂಬತ್ತರ ದಶಕದ ನಡುವಿಗೆ ಬರೋ ಹೊತ್ತಿಗೆ ಪೋಸ್ಟರಿನ ಮೇಲೆ ಆ ಜೋಡಿ ಹೆಸರು ಕಾಣಿಸೋದೇ ಕಡಿಮೆಯಾಗಿತ್ತು.

ಕ್ಯಾಸೆಟ್ ಕೈ ಹಿಡಿಯಿತು

ಆ ಹೊತ್ತಿಗೆ ಸಣ್ಣ ಡಬ್ಬಿಯೊಂದು ಮನೆಮನೆಗೆ ಬಂದಿತ್ತು. ಟೇಪ್‌ರೆಕಾರ್ಡರ್! ರೇಡಿಯೋದವರು ಹಾಕಿದಾಗ ಕೇಳೋ ಕಾಲ ಹೋಯ್ತು, ನಮಗೆ ಬೇಕಾದ್ದನ್ನು ನಾವೇ ಹಾಕಿಕೊಂಡು ಕೇಳೋ ಕಾಲ ಬಂತು. ಬಸ್‌ಸ್ಟ್ಯಾಂಡ್ ಅಂಗಡಿಗಳಲ್ಲಿ ಬಾಳೆಹಣ್ಣಿನ ಪಕ್ಕಕ್ಕೇ ಕ್ಯಾಸೆಟ್ ಜೋಡಿಸಿಟ್ಟರು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಪದ್ಯಗಳಿಗೆ ಅಶ್ವಥ್ ಹಾಕಿದ ರಾಗ ಕ್ಯಾಸೆಟ್ಟಾಗಿ ಬಂತು. ಷರೀಫರ ಪದಗಳೂ ಬಂದವು. ಕೋಳಿ ಹೋಗಿ ಕೋಡಗವನ್ನು ನುಂಗೋ ಆ ವಿಚಿತ್ರ ಪದವನ್ನು ಅಶ್ವಥ್ ರಾಗದಲ್ಲಿ ಶಿವಮೊಗ್ಗ ಸುಬ್ಬಣ್ಣ ಹಾಡಿದ್ದರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಗೆದ್ದ ಅದೇ ಸುಬ್ಬಣ್ಣ. ಅರ್ಥ ಆಗಲಿ ಬಿಡಲಿ, ಮಕ್ಕಳೂ ಹಾಡಿದ್ದೇ ಹಾಡಿದ್ದು!

ನೋಡಿ, ಇಲ್ಲಿ ನಾಯಕನಟನ ತುಟಿಯ ಹಂಗಿಲ್ಲ. ಮುಖ ಕಾಣೋದಿಲ್ಲ, ಗಂಟಲೊಂದೇ ಕೇಳುತ್ತೆ. ಸಿನಿಮಾ ಕೊಡದ ಜಾಗವನ್ನು ಅಶ್ವಥ್‌ಗೆ ಕೊಟ್ಟಿದ್ದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ.

ಮತ್ತೆ ಬಂತು ಸಿನಿಮಾ. ಟಿ.ಎಸ್. ನಾಗಾಭರಣ 'ಸಂತ ಶಿಶುನಾಳ ಷರೀಫ' ತೆಗೆದರು. ಷರೀಫನಾಗಿ ಶ್ರೀಧರ್. ಪುಟ್ಟಣ್ಣನವರ 'ಅಮೃತ ಘಳಿಗೆ'ಯ ಚೆಲುವ, ಭರತನಾಟ್ಯದ ಮೈಕಟ್ಟು. ಗುರು ಗೋವಿಂದಭಟ್ಟರಾಗಿ ಗಿರೀಶ್ ಕಾರ್ನಾಡ್. ಶ್ರೀಧರ್ ಮುಖ ಎಷ್ಟು ನಯವೋ ಅಶ್ವಥ್ ದನಿ ಅಷ್ಟೇ ಒರಟು. ಕಾಗದದ ಮೇಲೆ ನೋಡಿದರೆ ಹೊಂದೋ ಜೋಡಿಯೇ ಅಲ್ಲ. ಪರದೆ ಮೇಲೆ? ಹೊಂದಿತು! ಯಾಕೆ ಹೊಂದಿತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಆ ಮುಖ ಮನೆ, ಹೆಂಡತಿ, ಸಂಸಾರ ಅಂತ ತಡವರಿಸುತ್ತಿರುತ್ತದೆ. ಆ ದನಿ ಮಾತ್ರ ಎಲ್ಲ ಬಿಟ್ಟು ಆಗಲೇ ದಾರಿಗಿಳಿದಿರುತ್ತದೆ. ಒಬ್ಬನೇ ಮನುಷ್ಯನೊಳಗೆ ಇಬ್ಬರು ಇದ್ದಹಾಗೆ. ಅದು ನಿರ್ದೇಶಕರ ಲೆಕ್ಕವೋ, ಅದೃಷ್ಟವೋ, ಕೆಲಸವಂತೂ ಕೆಟ್ಟಿಲ್ಲ.

ತಂಬೂರಿ ಹಾಡನ್ನೇ ತಗೊಳ್ಳಿ. ನುಡಿಸೋ ಯೋಗ್ಯತೆ ಇಲ್ಲದವನ ಕೈಯಿಂದ ತಂಬೂರಿ ಕೆಳಗಿಡಿಸೋ ಪದ ಅದು. ಅಶ್ವಥ್ ಅದನ್ನು ಬುದ್ಧಿವಾದ ಹೇಳೋ ಹಾಗೆ ಹಾಡಲಿಲ್ಲ. ತಳದಲ್ಲಿ ಗೊಣಗಿದ ಹಾಗೆ ಶುರುಮಾಡಿ, ಇದ್ದಕ್ಕಿದ್ದಂತೆ ಮೇಲಕ್ಕೆ ಎಸೆದು, ಮತ್ತೆ ಹಿಡಿದು ಕೆಳಗಿಳಿಸುತ್ತಾರೆ. ಎದುರಿಗೆ ಕೂತವನನ್ನು ಬೈತಿದ್ದಾರೋ, ತಮ್ಮನ್ನೇ ಬೈದುಕೊಳ್ತಿದ್ದಾರೋ ಗೊತ್ತಾಗೋದಿಲ್ಲ. ಹತ್ತಿಪ್ಪತ್ತು ವರ್ಷ ನಾಟಕದವರ ಜೊತೆ ಬೆವರು ಹರಿಸದ ಗಂಟಲಿಗೆ ಇದು ಬರೋ ಮಾತಲ್ಲ.

1989ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ರಾಷ್ಟ್ರೀಯ ಭಾವೈಕ್ಯಕ್ಕೆ ಆಗ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಈ ಚಿತ್ರಕ್ಕೆ ಬಂತು. ಅಶ್ವಥ್‌ಗೆ ಆಗ ಐವತ್ತು ತುಂಬಿತ್ತು. ಶಾಲು, ಹಣ್ಣಿನ ಬುಟ್ಟಿ ಬರೋ ವಯಸ್ಸಿಗೆ ಬಂದದ್ದು ಜನ!

ಆಮೇಲೆ ಓಟವೋ ಓಟ

ಅಲ್ಲಿಂದ ಮುಂದಿನದು ನಿಮಗೆಲ್ಲ ಗೊತ್ತಿದ್ದದ್ದೇ, ಬೇಗ ಹೇಳಿ ಮುಗಿಸ್ತೀನಿ. 1992ರಲ್ಲಿ ನಾಗಾಭರಣರ 'ಮೈಸೂರು ಮಲ್ಲಿಗೆ' ಸಿನಿಮಾ. ಅದರ ಗೀತೆಗಳಿಗೆ ಕವಿ ನರಸಿಂಹಸ್ವಾಮಿಯವರಿಗೇ ರಾಷ್ಟ್ರಪ್ರಶಸ್ತಿ. 1993ರಲ್ಲಿ 'ಚಿನ್ನಾರಿ ಮುತ್ತ', ಪುಟಾಣಿ ವಿಜಯ ರಾಘವೇಂದ್ರನ ಮುತ್ತಿನಂಥ ಚಿತ್ರ, ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡುಗಳು. 1997ರಲ್ಲಿ 'ನಾಗಮಂಡಲ'. ಕಾರ್ನಾಡರ ನಾಟಕ, ಪ್ರಕಾಶ್ ರೈ ಮತ್ತು ವಿಜಯಲಕ್ಷ್ಮಿ ಜೋಡಿ, ಗೋಪಾಲ ಯಾಜ್ಞಿಕರ ಅಪ್ಪಟ ಉತ್ತರ ಕರ್ನಾಟಕದ ಮಾತು. ಹಾಸನದ ಕಡೆ ಹುಟ್ಟಿದ ಮನುಷ್ಯ ನಮ್ಮ ಜೋಳದ ಸೀಮೆಯ ಹೆಣ್ಣುಮಕ್ಕಳ ದನಿಗೆ ರಾಗ ಹಾಕಿದ ಪರಿ ನೋಡಿ! ಧಾರವಾಡದ ಸಂಗೀತಾ ಕಟ್ಟಿ ಹಾಡಿದ್ದನ್ನು ಕೇಳಿದರೆ ಇದು ಸ್ಟುಡಿಯೋದಲ್ಲಿ ಹುಟ್ಟಿದ ಹಾಡು ಅಂತ ಆಣೆ ಮಾಡಿದರೂ ಇಲ್ಲಿಯವರು ನಂಬೋದಿಲ್ಲ. ನನ್ನ ಪ್ರಕಾರ ಸಂಗೀತ ನಿರ್ದೇಶಕರಾಗಿ ಅಶ್ವಥ್ ಮಾಡಿದ ಅತ್ಯುತ್ತಮ ಕೆಲಸ 'ಷರೀಫ' ಅಲ್ಲ, 'ನಾಗಮಂಡಲ'. ಒಪ್ಪದವರು ಪತ್ರ ಬರೀಬಹುದು.

ಟಿ.ಎನ್. ಸೀತಾರಾಮ್ ಅವರ 'ಮುಕ್ತ' ಧಾರಾವಾಹಿಯ ಶೀರ್ಷಿಕೆ ಗೀತೆಯ ಕಾಲಕ್ಕಂತೂ ಅವರ ರಾಗ ಕೇಳಿದ ಕೂಡಲೇ ಅಡುಗೆಮನೆಯಿಂದ ಹೆಂಗಸರು ಓಡಿ ಬಂದು ಟಿ.ವಿ. ಮುಂದೆ ಕೂರ್ತಿದ್ದರು.

ಇನ್ನು 2005ರ ಏಪ್ರಿಲ್. ಬೆಂಗಳೂರು ಅರಮನೆ ಮೈದಾನ. 'ಕನ್ನಡವೇ ಸತ್ಯ'. ಕುವೆಂಪು ಗೀತೆಗಳ ರಾತ್ರಿ. ಅರವತ್ತೈದು ತುಂಬಿದ ಅಶ್ವಥ್ ವೇದಿಕೆ ಹತ್ತಿದಾಗ ಎದುರಿಗೆ ಜನಸಾಗರ. ಸಿನಿಮಾ ತಾರೆಯನ್ನು ನೋಡೋಕೆ ಬಂದ ಜನ ಅಲ್ಲ, ಕವಿತೆ ಕೇಳೋಕೆ ಬಂದವರು! ಭಾವಗೀತೆ ಅಂದರೆ ಸಣ್ಣ ಸಭಾಂಗಣ, ಜಮಖಾನೆ, ನೂರು ಜನ ಅಂದುಕೊಂಡಿದ್ದವರು ಬಾಯಿ ಮೇಲೆ ಬೆರಳಿಟ್ಟರು. ಇನ್ನೊಂದು ತಮಾಷೆ ಗೊತ್ತೇ? ಕುವೆಂಪು ಹುಟ್ಟಿದ್ದೂ ಡಿಸೆಂಬರ್ 29ರಂದೇ, 1904ರಲ್ಲಿ.

ಅದೇ ಡಿಸೆಂಬರ್ 29ರಂದು, 2009ರಲ್ಲಿ, ಸರಿಯಾಗಿ ಎಪ್ಪತ್ತು ತುಂಬಿದ ದಿನ, ಅಶ್ವಥ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಮರುದಿನ ಬೆಳಕು ಹರಿಯೋದರೊಳಗೆ ಮೈಸೂರಿನಿಂದ ಇನ್ನೊಂದು ಸುದ್ದಿ ಬಂತು. ನಮ್ಮ ಸಾಹಸಸಿಂಹ ವಿಷ್ಣುವರ್ಧನ್ ಇಲ್ಲ! ಕರ್ನಾಟಕಕ್ಕೆ ಕರ್ನಾಟಕವೇ ದಿಕ್ಕೆಟ್ಟಿತು. ವಿಷ್ಣು ಅಭಿಮಾನಿಗಳೇ, ನಾನೂ ನಿಮ್ಮವನೇ, ತಪ್ಪು ತಿಳೀಬೇಡಿ. ಆದರೆ ಲೆಕ್ಕ ಲೆಕ್ಕವೇ. ಐವತ್ತು ವರ್ಷ ಕಾದು ಗೆದ್ದ ಮನುಷ್ಯನಿಗೆ ಅಳೋಕೆ ಈ ನಾಡಿಗೆ ಸಿಕ್ಕಿದ್ದು ಒಂದೇ ದಿನ.

ಬೆಳ್ಳಟ್ಟಿಯ ಜಗಳ

ಈಗ ಬನ್ನಿ ಬೆಳ್ಳಟ್ಟಿಗೆ.

ಇದು ಷರೀಫರದೇ ಸೀಮೆ. ಲಕ್ಷ್ಮೇಶ್ವರ ದಾಟಿ ಗುಡಗೇರಿ, ಹುಲಗೂರು ಕಡೆ ಹೊರಳಿದರೆ ಶಿಶುನಾಳ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫಸಾಹೇಬರು ಸ್ವಲ್ಪ ಕಾಲ ಸಾಲಿ ಮಾಸ್ತರಿಕೆ ಮಾಡಿದವರು. ಕಳಸದ ಗೋವಿಂದಭಟ್ಟರನ್ನು ಗುರು ಅಂತ ಹಿಡಿದು, ಎರಡೂ ಕಡೆಯವರ ಬೈಗುಳ ತಿಂದವರು. ಸೋರೋ ಮಾಳಿಗೆ ಮೇಲೆ ಪದ, ಗಿರಣಿ ಮೇಲೆ ಪದ, ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ಪದ. ಇವತ್ತಿಗೂ ಅವರ ಗದ್ದಿಗೆಗೆ ಹಿಂದೂಗಳೂ ಬರ್ತಾರೆ, ಮುಸಲ್ಮಾನರೂ ಬರ್ತಾರೆ. ಶಿರಹಟ್ಟಿಯ ಫಕೀರೇಶ್ವರ ಮಠವೂ ಅಂಥದೇ, ಲಕ್ಷ್ಮೇಶ್ವರದ ದೂದಪೀರಾಂ ದರ್ಗಾವೂ ಅಂಥದೇ. ದಿಲ್ಲಿಯವರು ಭಾವೈಕ್ಯಕ್ಕೆ ಪ್ರಶಸ್ತಿ ಕೊಟ್ಟರು ಅಂದರೆ ಇಲ್ಲಿನ ಮುದುಕರು ನಗ್ತಾರೆ. ಅದು ಅವರಿಗೆ ದಿನದ ರೊಟ್ಟಿ.

1997ರಲ್ಲಿ ಧಾರವಾಡ ಒಡೆದು ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಶಿಶುನಾಳ ಹಾವೇರಿಗೆ ಹೋಯ್ತು, ಬೆಳ್ಳಟ್ಟಿ ಗದಗಕ್ಕೆ ಬಂತು. ಭಜನಿ ಮ್ಯಾಳದವರಿಗೆ ಇದ್ಯಾವುದೂ ತಲೆಗೇ ಹತ್ತಿಲ್ಲ. ಗುಡಿಯ ಕಟ್ಟೆ ಮೇಲೆ ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ ಇಟ್ಟುಕೊಂಡು ಕೂತರೆ ಬೆಳ್ಳಿ ಮೂಡೋವರೆಗೂ ಹಾಡ್ತಾರೆ.

ಆ ಮ್ಯಾಳದಲ್ಲಿ ಒಬ್ಬ ಅಜ್ಜ. ಹೆಸರು ಹಾಕಬೇಡ ಅಂದಿದ್ದಾನೆ, ಹಾಕೋದಿಲ್ಲ. ನಾನು ಹೋಗಿ ಕೂತ ಕೂಡಲೇ ಕೇಳಿದ:

"ಯಾಂವ ತಮ್ಮಾ, ಪೇಪರ್‌ನಾಂವೇನು?"

"ಸಿನಿಮಾ ಪೇಪರ್ ರೀ ಅಜ್ಜಾರ."

"ಹಂಗಾರ ಬರಕೋ. ಆ ಅಶ್ವಥಗ ಒಂದು ಮಾತು ಹೇಳೂದೈತಿ."

"ಅವರು ಹೋಗಿ ಭಾಳ ವರ್ಷ ಆತಲ್ರಿ!"

"ನನಗ ಗೊತ್ತಿಲ್ಲೇನು? ಅದಕ್ಕ ಬರಕೋ ಅಂದೆ. ನಮ್ಮಪ್ಪನ ಕಾಲದಿಂದ ಆ ತಂಬೂರಿ ಪದಾ ನಾವು ಒಂದ ಧಾಟ್ಯಾಗ ಹಾಡಕೋಂತ ಬಂದೀವಿ. ಸಾವಕಾಶ. ಒಬ್ಬಾಂವ ಎತ್ತಿಕೊಟ್ರ ಹತ್ತು ಮಂದಿ ಹಿಡೀಬೇಕು. ಆ ಸಿನಿಮಾ ಬಂತ ನೋಡು, ಹುಡುಗೂರು ನನಗ ಅಂತಾವ, 'ಅಜ್ಜಾ, ನಿನ್ನ ಧಾಟಿ ತಪ್ಪೇತಿ'! ನನಗ! ಧಾಟಿ ತಪ್ಪೇತಂತ!"

ಕಟ್ಟೆ ಮೇಲೆ ಕೂತವರೆಲ್ಲ ನಕ್ಕರು. ಅಜ್ಜ ನಗಲಿಲ್ಲ.

ತಬಲಾ ಬಾರಿಸೋನು ಐವತ್ತರ ಆಚೀಚಿನ ಮನುಷ್ಯ. ಅವನು ಸುಮ್ಮನೆ ಕೂರಲಿಲ್ಲ. "ಅಜ್ಜಾ, ಆ ಕ್ಯಾಸೆಟ್ ಬರಲಿಲ್ಲಂದ್ರ ನಾ ಈ ಕಟ್ಟಿ ಹತ್ತತಿದ್ನೇನು? ನಾವೆಲ್ಲಾ ರಾಜಕುಮಾರ್ ಪಿಕ್ಚರ್ ಹಾಡು ಬಿಟ್ರ ಬ್ಯಾರೆ ಗೊತ್ತಿಲ್ಲದ ಮಂದಿ. ಭಜನಿ ಅಂದ್ರ ಮುದುಕರದು ಅಂತಿದ್ವಿ. ಆ ಪಿಕ್ಚರ್ ನೋಡಿ ಬಂದಿಂದ ನಿನ್ನ ಬಾಜೂಕ ಕುಂತೀನಿ. ಅದನ್ನೂ ಬರಸು."

ಇದೇ ಜಗಳ. ಇಬ್ಬರ ಮಾತೂ ನಿಜ, ಅದಕ್ಕೇ ಮುಗಿಯೋದಿಲ್ಲ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಭಜನೆಯ ಪದ ಒಬ್ಬನದಲ್ಲ. ಮುಂದಿನವನು ಒಂದು ಸಾಲು ಎಸೀತಾನೆ, ಹಿಂದಿನವರು ಅದೇ ಸಾಲನ್ನು ಎರಡು ಸಲ, ಮೂರು ಸಲ ತಿರುಗಿ ಹೇಳ್ತಾರೆ. ಆ ತಿರುಗಿ ಹೇಳೋ ಹೊತ್ತಿನಲ್ಲೇ ಕೇಳೋನಿಗೆ ಒಳಗಿನ ಅರ್ಥ ಹೊಳೆಯೋದು. ಅದಕ್ಕೆ ಧಾಟಿ ಸರಳ ಇರಬೇಕು, ದಮ್ಮಿಲ್ಲದ ಮುದುಕನೂ ಹಿಡಿಯೋ ಹಾಗಿರಬೇಕು. ಅಶ್ವಥ್ ಧಾಟಿ ಅಂಥದ್ದಲ್ಲ. ಅದು ಒಬ್ಬ ನಟ ನಡುವೇದಿಕೆಗೆ ಬಂದು ನಿಂತ ಹಾಗೆ. ಆ ಏರಿಗೆ ಏರೋಕೆ ಅಶ್ವಥ್‌ನಂಥ ಗಂಟಲೇ ಬೇಕು. ಹತ್ತು ಜನ ಕೂಡಿ ಏರಿದರೆ ಐದು ಜನ ನಡುದಾರಿಯಲ್ಲಿ ಕುಸೀತಾರೆ! ಆ ರಾತ್ರಿ ಹುಡುಗರು ಸಿನಿಮಾ ಧಾಟಿಯಲ್ಲಿ ಹಾಡಿದ್ದನ್ನೂ ಕೇಳಿದೆ. ಮೊದಲ ನುಡಿ ಜೋರು. ಎರಡನೇ ನುಡಿಗೆ ಕೆಮ್ಮು.

ಹಾಗಂತ ಅಶ್ವಥ್ ಮಾಡಿದ್ದು ತಪ್ಪೇ? ನಾನು ಹಾಗೆ ಹೇಳೋದಿಲ್ಲ. ಷರೀಫರು ಪದ ಕಟ್ಟಿದರು, ಸ್ವರ ಬರೆದಿಡಲಿಲ್ಲ. ಅವರು ಹೇಗೆ ಹಾಡಿದರು ಅಂತ ಟೇಪು ಹಾಕಿ ತೋರಿಸೋರು ಯಾರು? ಊರಿಂದೂರಿಗೆ ಧಾಟಿ ಬೇರೆ. ಬೆಳ್ಳಟ್ಟಿಯದು ಒಂದು ಥರ, ಲಕ್ಷ್ಮೇಶ್ವರದ ಕಡೆಯದು ಇನ್ನೊಂದು ಥರ. ಅಶ್ವಥ್‌ದು ಬೆಂಗಳೂರಿನ ಥರ ಅನ್ನಿ. ವ್ಯತ್ಯಾಸ ಇಷ್ಟೇ, ಬೆಳ್ಳಟ್ಟಿ ಧಾಟಿ ಗುಡಿಯ ಕಟ್ಟೆ ದಾಟಲಿಲ್ಲ, ಬೆಂಗಳೂರಿನ ಧಾಟಿ ಕ್ಯಾಸೆಟ್ ಹತ್ತಿ ಬೆಳ್ಳಟ್ಟಿಗೂ ಬಂತು. ಹಾಡಿದವನ ದೋಷ ಅಲ್ಲ ಅದು. ಆದರೆ ಅಜ್ಜನ ನಷ್ಟ ನಷ್ಟವೇ. ಒಬ್ಬನ ಗಂಟಲಿಗೆ ಐವತ್ತರಲ್ಲಿ ಜೀವ ಬಂದಾಗ, ಹೆಸರಿಲ್ಲದ ಎಷ್ಟೋ ಗಂಟಲುಗಳು 'ತಪ್ಪು' ಅನ್ನಿಸಿಕೊಂಡವು. ಈ ಮಾತನ್ನು ಸಿನಿಮಾ ಪತ್ರಿಕೆಯಲ್ಲಿ ಬರೆಯದೆ ಮತ್ತೆಲ್ಲಿ ಬರೆಯಲಿ? ಧಾಟಿ ಬದಲಾದದ್ದು ಸಿನಿಮಾದಿಂದ.

ನಾನು ಅಜ್ಜನಿಗೆ ನೇರವಾಗಿ ಕೇಳಿಯೇಬಿಟ್ಟೆ. "ಅಷ್ಟು ಸಿಟ್ಟಿದ್ರ ಆ ಮನಷ್ಯಾ ಹಾಡಿದ್ದು ಸುಳ್ಳೇನ್ರಿ?"

ಅಜ್ಜ ಎಲೆ ಅಡಿಕೆ ಉಗುಳಿ ಬಂದು ಕೂತ.

"ಸುಳ್ಳಂದ್ನೇನು ನಾ? ಸುಳ್ಳ ಹಾಡಿದ್ರ ಒಂದು ವರ್ಷದಾಗ ಮರೀತಿದ್ರು. ಖರೇನ ಹಾಡ್ಯಾನ. ಖರೆ ಹಾಡಿದ್ದಕ್ಕ ನನಗ ತ್ರಾಸ ಆಗೇತಿ."

ಅಶ್ವಥ್ ಬಗ್ಗೆ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಯಾವ ಸನ್ಮಾನ ಪತ್ರದಲ್ಲೂ ಓದಿಲ್ಲ.

ಅಲ್ಲೇ ಒಬ್ಬ ಹುಡುಗ ಮೊಬೈಲ್ ತೆಗೆದ. "ಅಜ್ಜಾ, ನಿನ್ನ ಧಾಟ್ಯಾಗ ಒಂದು ಹಾಡು, ರೆಕಾರ್ಡ್ ಮಾಡ್ತೀನಿ. ಎಲ್ಲಾರೂ ಕೇಳ್ತಾರ." ನನಗೂ ಆಸೆ ಆಯ್ತು, ಪೆನ್ನು ಕೆಳಗಿಟ್ಟೆ. ಅಜ್ಜ ಫೋನನ್ನು ಒಮ್ಮೆ ನೋಡಿದ, ಹುಡುಗನನ್ನು ಒಮ್ಮೆ ನೋಡಿದ.

"ಒಬ್ಬಾಂವನ ಹೆಂಗ ಹಾಡ್ಲಿ? ಎತ್ತಿಕೊಟ್ರ ಹಿಡಿಯಾಕ ಮಂದಿ ಬೇಕಲ್ಲ. ಮ್ಯಾಳದಾಗ ನಮ್ಮ ಧಾಟಿ ಬಲ್ಲಾವ್ರು ಈಗ ನಾಕೇ ಮಂದಿ ಉಳದಾರ. ಅಮಾಸಿ ದಿನ ಅವ್ರೂ ಬರ್ತಾರ. ಅವತ್ತ ಬಾ. ನೀ ಫೋನ್ ಕೆಳಗಿಟ್ಟು, ಐದನೇದಾಂವಾಗಿ ಹಿಡಿಯೂದಿದ್ರ ಬಾ."

ಹುಡುಗ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಅಮಾಸಿ ಯಾವಾಗ ಅಂತ ತಬಲಾದವನನ್ನು ಕೇಳಿದ. ಇನ್ನೂ ಒಂಬತ್ತು ದಿನ ಇತ್ತು.